ಬಿಳಿ ಗಾಡಿಯ ಕೆಳಗಿನ ಸಾಲು

ಶಿವಗೊಂಡನಿಗೆ ನಾನು ತಪ್ಪು ಗಾಡಿ ತೋರಿಸಿದೆ. ತಿಳಿಯದೆ ಅಲ್ಲ — ತಿಳಿದೇ.

ಗಾಡಿ ಎಂದರೆ ನಿಜವಾದದ್ದಲ್ಲ. ನಿಪ್ಪಾಣಿಯ ಬಸ್ ನಿಲ್ದಾಣದ ಹಿಂದೆ, ಒಂದು ಮಹಡಿಯ ಮೇಲಿದ್ದ ಗೇಮ್ ಅಂಗಡಿಯಲ್ಲಿ, ಪರದೆಯ ಮೇಲೆ ಓಡುವ ಕಾರು. ಎಂಟು ವರ್ಷವಾಯಿತು. ತಾಲೂಕಿನ ಸುದ್ದಿ ಬರೆದು ಬದುಕುವವನು ನಾನು. ಇನ್ನೊಬ್ಬರ ತಪ್ಪನ್ನು ಹೆಸರು, ಊರು, ಹೊತ್ತು ಸಮೇತ ಬರೆದಿದ್ದೇನೆ. ನನ್ನದನ್ನು ಮಾತ್ರ ಬರೆದಿರಲಿಲ್ಲ.

ನಾವಿಬ್ಬರೂ ಭೋಜ ಎಂಬ ಊರಿನವರು, ಒಂದೇ ಓಣಿ. ಅವನು ಶರ್ಯತ್ತಿನಲ್ಲಿ, ಅಂದರೆ ಓಟದ ಪಂದ್ಯದಲ್ಲಿ, ಎತ್ತಿನ ಗಾಡಿ ಓಡಿಸುವವನು. ನಮ್ಮ ಕಡೆ ಅಂಥವನಿಗೆ ಏನು ಮರ್ಯಾದೆ ಎಂಬುದು ಹೊರಗಿನವರಿಗೆ ತಿಳಿಯಲಿಕ್ಕಿಲ್ಲ. ಗೆದ್ದ ದಿನ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಆ ಗುಂಪಿನ ಹಿಂದೆ, ಗುಲಾಲಿನ ಧೂಳು ಕುಡಿಯುತ್ತ, ಅವನ ಚಪ್ಪಲಿ ಹಿಡಿದುಕೊಂಡು ಬರುತ್ತಿದ್ದವನು ನಾನು.

ಹದಿನೆಂಟು ತುಂಬಿದ ವರ್ಷ ನನಗೂ ಓಡಿಸುವ ಹುಚ್ಚು ಹತ್ತಿತ್ತು. ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಅವನು ನನಗಾಗಿ ಗಾಡಿ ಹೂಡಿದ. ಅವನ ಶರ್ಯತ್ತಿನ ಜೋಡಿಯನ್ನಲ್ಲ — ಹಲ್ಲು ಸವೆದ ಹಳೆಯ ಎತ್ತು ಒಂದು, ಅದರ ಜೊತೆಗೆ ಅಂಥದೇ ಇನ್ನೊಂದು. ನನಗೆ ಸಿಟ್ಟು ಬಂತು.

"ಮುದುಕರನ್ನ ಹೂಡಿ ಕೊಡ್ತಿ ಏನಲೇ ನನಗ?"

"ಹೊಸಾ ಕೈಗಿ ಹಳೇ ಎತ್ತ ಬೇಕೋ ಬಾಳ್ಯಾ. ನೀ ತಪ್ಪಿದ್ರೂ ಅದು ತಪ್ಪಂಗಿಲ್ಲ," ಅಂದ.

ನಮ್ಮಲ್ಲಿ ಎಲ್ಲರೂ ಹಾಗೆಯೇ ಕಲಿಸುವುದು. ಆ ದಿನ ನಾನು ನಾಲ್ಕು ಸಲ ತಪ್ಪಿದೆ. ಎತ್ತು ತಪ್ಪಲಿಲ್ಲ. ಬೀಳದೆ ಮನೆಗೆ ಬಂದೆ — ಆ ಸಂಜೆಯ ಬಿಸಿಲು, ಕಬ್ಬಿನ ಒಣಗರಿಯ ವಾಸನೆ, ಅವನ ನಗೆ, ಈಗಲೂ ಹಾಗೇ ಇವೆ.

ಮುಂದೆ ನಾನು ನಿಪ್ಪಾಣಿಯಲ್ಲಿ ವರದಿಗಾರನಾದೆ. ಸುದ್ದಿ ಕಳಿಸಿದ ಮೇಲೆ ಆ ಗೇಮ್ ಅಂಗಡಿಗೆ ಹೋಗುತ್ತಿದ್ದೆ. ಸ್ಟೀರಿಂಗ್, ಎಕ್ಸಲರೇಟರ್, ಬ್ರೇಕ್ ಎಲ್ಲ ಇದ್ದವು. ಕಾರು ನಿಜದ ಹಾಗೆಯೇ ಜಾರುತ್ತಿತ್ತು. ಯಾರು ಎಷ್ಟು ಬೇಗ ಸುತ್ತು ಮುಗಿಸಿದರೆಂದು ಮಾಲೀಕ ಗೋಡೆಯ ಹಲಗೆಯ ಮೇಲೆ ಬರೆಯುತ್ತಿದ್ದ. ಮೊದಲ ಹೆಸರು ನನ್ನದು. ಜೀವನದಲ್ಲಿ ನಾನು ಮೊದಲಿದ್ದದ್ದು ಆ ಒಂದೇ ಹಲಗೆಯಲ್ಲಿ.

ಆ ದಿನಗಳಲ್ಲೇ ಶಿವಗೊಂಡ ಒಂದು ಶರ್ಯತ್ತಿನ ತಿರುವಿನಲ್ಲಿ ಗಾಡಿಯಿಂದ ಬಿದ್ದ. ಮುರಿದ ಭುಜದ ಎಲುಬು ಕೂಡಿತು, ಅಂಜಿಕೆ ಹೋಗಲಿಲ್ಲ. ಮುಂದಿನ ಶರ್ಯತ್ತಿಗೆ ತಾನೇ ಹಗ್ಗ ಹಿಡಿಯಬೇಕೋ, ತಮ್ಮನಿಗೆ ಕೊಡಬೇಕೋ — ಮನೆಯಲ್ಲಿ ಎರಡು ದಿನದಲ್ಲಿ ಹೇಳಬೇಕಿತ್ತು. ಒಂದು ಮಧ್ಯಾಹ್ನ ನನ್ನನ್ನು ಹುಡುಕಿಕೊಂಡು ಆ ಮಹಡಿಗೆ ಬಂದ.

"ಕೈಯಾಗ ಕಸುವ ಇನ್ನ ಐತೋ ಇಲ್ಲೋ ನೋಡಬೇಕಾಗೈತಿ," ಎಂದು ನನಗಷ್ಟೇ ಕೇಳುವಂತೆ ಹೇಳಿದ. "ಇಲ್ಲಿ ಬಿದ್ರ ಎಲುಬ ಮುರಿಯಂಗಿಲ್ಲಲಾ."

ಪರದೆಯ ಮೇಲೆ ಕಾರುಗಳು ಸಾಲಾಗಿ ನಿಂತಿದ್ದವು. ಬಿಳಿಯದು ಸಣ್ಣದು, ಮುಂದಿನ ಗಾಲಿಗಳಿಂದ ಎಳೆಯುವಂಥದು, ತಪ್ಪನ್ನು ತಡೆದುಕೊಳ್ಳುವಂಥದು. ಹೊಸಬರಿಗೆ ಇದು ಎಂದು ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದೂ ಇತ್ತು. ಕೆಂಪು ಕಾರಿಗೆ ಹಿಂದಿನ ಗಾಲಿಗಳಲ್ಲಿ ಬಲ. ತಿರುವಿನಲ್ಲಿ ಎಕ್ಸಲರೇಟರ್ ಒತ್ತಿದರೆ ಬುಗುರಿಯಂತೆ ತಿರುಗುತ್ತಿತ್ತು.

ಶರ್ಯತ್ತಿನವನು ತಿರುವಿನಲ್ಲಿ ಒಳಗಿನ ಎತ್ತನ್ನು ಎಳೆದು ಹೊರಗಿನದನ್ನು ಕೂಗಿ ಓಡಿಸುತ್ತಾನೆ, ನಿಧಾನಿಸುವುದಿಲ್ಲ. ಇವನ ಕಾಲು ಅದನ್ನೇ ಮಾಡುತ್ತದೆಂದು ನನಗೆ ಗೊತ್ತಿತ್ತು. ಬಿಳಿಯದು ಆ ಅಭ್ಯಾಸವನ್ನು ಸಹಿಸುತ್ತಿತ್ತು. ಒಂದು ವಾರದಲ್ಲಿ ಹಲಗೆಯ ಮೇಲೆ ಅವನ ಹೆಸರು ನನ್ನ ಹೆಸರಿನ ಮೇಲೆ...

"ಹೊಸಬರಿಗಿ ಯಾವ್ದ್ ಚಲೋ?" ಅಂತ ಕೇಳಿದ.

"ಕೆಂಪ್ದು ತಗೋ. ಅದು ಮೆತ್ತಗ ಐತಿ."

ಇಂಗ್ಲಿಷ್ ಅಕ್ಷರಗಳು ಅವನಿಗೆ ಬರುತ್ತಿದ್ದವು. ಓದಲಿಲ್ಲ. ನಾನು ಹೇಳಿದ್ದೆನಲ್ಲ — ಅದಕ್ಕೆ.

ಮೊದಲ ತಿರುವಿನಲ್ಲೇ ಕಾರು ಗಿರ್ರನೆ ತಿರುಗಿ ಹುಲ್ಲಿಗೆ ಹೋಯಿತು. ಎರಡನೆಯ ಸಲವೂ. ಐದನೆಯ ಸಲವೂ.

"ಮೇಯಾಕ ಹೋಗೇತಿ ಬಿಡ್ರಿ," ಎಂದ ಹಿಂದೆ ನಿಂತವನೊಬ್ಬ.

"ಶರ್ಯತ್ತಿನ ಪೈಲವಾನ್ರ, ಎತ್ತ ಬಿಚ್ರಿ, ನೀರ ಕುಡಸ್ರಿ," ಎಂದ ಮತ್ತೊಬ್ಬ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗಲೂ ಹೇಳಬಹುದಿತ್ತು — ಬಿಳಿಯದು ತಗೋ ಎಂದು, ಎರಡೇ ಮಾತು. ಹೇಳಲಿಲ್ಲ. ಅವನು ಎದ್ದು, ಸ್ಟೀರಿಂಗಿನ ಮೇಲಿನ ತನ್ನ ಬೆವರನ್ನು ಟವಲಿನಿಂದ ಒರೆಸಿದ. "ಹೋತೋ ಬಾಳ್ಯಾ. ಕೈಯಾಗಿಂದ ಹೋತು," ಎಂದು ಮೆಟ್ಟಿಲಿಳಿದ.

ಆ ಸಂಜೆಯೇ ಹಗ್ಗ ತಮ್ಮನ ಕೈಗೆ ಕೊಟ್ಟ. ಮತ್ತೆ ಹಿಡಿಯಲಿಲ್ಲ.

ಅವನು ಚೆನ್ನಾಗಿಯೇ ಇದ್ದಾನೆ; ಎಮ್ಮೆ ಕಟ್ಟಿದ್ದಾನೆ, ಹೊಲ ನೋಡುತ್ತಾನೆ. ಆ ಮುರಿದು ಕೂಡಿದ ಭುಜದಿಂದ ಮತ್ತೆ ಓಡಿಸಿದ್ದರೆ ಒಳಿತಾಗುತ್ತಿತ್ತೋ ಕೆಡುಕಾಗುತ್ತಿತ್ತೋ — ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನನ್ನ ಪರವಾಗಿ ಬರೆದುಕೊಳ್ಳಲಾರೆ. ನಿರ್ಧಾರ ಅವನದಾಗಬೇಕಿತ್ತು; ಅದಕ್ಕೆ ನಾನು ಸುಳ್ಳು ಪುರಾವೆ ಕೊಟ್ಟೆ.

ಗೇಮ್ ಅಂಗಡಿ ಇದ್ದ ಜಾಗದಲ್ಲಿ ಈಗ ಟೇಲರ್ ಕೂತಿದ್ದಾನೆ. ಹಲಗೆ ಎಲ್ಲಿ ಹೋಯಿತೋ. ಹೋದ ತಿಂಗಳು ಊರಿಗೆ ಹೋದಾಗ, ಶರ್ಯತ್ತು ಯಾಕೆ ಬಿಟ್ಟಿರಿ ಎಂದು ಯಾರೋ ಅವನನ್ನು ಕೇಳಿದರು. ಅವನು ನಗುತ್ತ ನನ್ನ ಕಡೆ ಕೈ ಮಾಡಿದ.

"ಕೈಯಾಗ ಉಳಿದಿದ್ದಿಲ್ರಿ. ನಮ್ಮ ಬಾಳ್ಯಾ ಕಣ್ಣಾರೆ ನೋಡ್ಯಾನ, ಬೇಕಾರ ಕೇಳ್ರಿ. ಪೇಪರಿನಾಂವ, ಸುಳ್ಳ ಹೇಳಂಗಿಲ್ಲ."

ನಾನು ತಲೆಯಾಡಿಸಿದೆ. ಎರಡನೆಯ ಸಲ ಮಾಡಿದ ತಪ್ಪು ಅದು.

ಈ ಬರಹ ಅಚ್ಚಿಗೆ ಹೋಗುವ ಮೊದಲು ಭಾನುವಾರ ಭೋಜಕ್ಕೆ ಹೋಗುತ್ತೇನೆ. ಅವನ ಕೊಟ್ಟಿಗೆಯ ಮುಂದೆ ಕೂತು, ಆ ದಿನ ಬಿಳಿ ಗಾಡಿಯ ಕೆಳಗೆ ಏನು ಬರೆದಿತ್ತು ಎಂಬುದನ್ನು ಹೇಳುತ್ತೇನೆ. ನನ್ನನ್ನು ನಂಬಿ ಅವನು ಓದದೆ ಬಿಟ್ಟ ಸಾಲು — ಅದನ್ನು ನಾನೇ ಓದಿ ಹೇಳಬೇಕು.