ಹಿಮ್ಮಡಿಯ ಮೇಲಿನ ಗಂಟು

ಮೊದಲು ನೋವು ಕಾಣಿಸಿಕೊಂಡದ್ದು ಬಲಗಾಲಿನಲ್ಲಿ. ಹಿಮ್ಮಡಿಯಿಂದ ಸ್ವಲ್ಪ ಮೇಲೆ, ಹಗ್ಗದಂತೆ ಗಟ್ಟಿಯಾಗಿ ಕೈಗೆ ಸಿಗುವ ಜಾಗದಲ್ಲಿ. ಸ್ಪೋರ್ಟ್ಸ್ ಡೇ ಹತ್ತಿರವಿತ್ತು. ನಾನು ಜಾಲಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್. ಅರ್ಧ ದಿನ ಮೈದಾನದಲ್ಲಿ ಮಕ್ಕಳ ಜೊತೆ ಓಡುವವಳಿಗೆ ಕಾಲು ನೋಯುವುದು ದೊಡ್ಡ ವಿಷಯವೇನಲ್ಲ. ಐಸ್ ಇಟ್ಟೆ. ಎಣ್ಣೆ ತಿಕ್ಕಿದೆ. ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡೇ ರಿಲೇ ತಂಡಕ್ಕೆ ಬ್ಯಾಟನ್ ಬದಲಾಯಿಸುವುದನ್ನು ಕಲಿಸಿದೆ.

ನೋವು ಹೋಯಿತು. ಗಂಟು ಉಳಿಯಿತು.

ಹುಣಸೆಬೀಜದಷ್ಟು ದಪ್ಪ. ಒತ್ತಿದರೆ ಜರುಗುತ್ತಿರಲಿಲ್ಲ. ಕೆಲವು ತಿಂಗಳಲ್ಲಿ ಎಡಗಾಲಿನಲ್ಲೂ ಅದೇ ಜಾಗ ದಪ್ಪಗಾಯಿತು. ಶೂ ಉಜ್ಜಿ ಆಗಿರಬೇಕೆಂದು ಶೂ ಬದಲಾಯಿಸಿದೆ. ಕೊನೆಗೆ ನನ್ನ ಗಂಡ ಲೋಕೇಶ್ ಒಂದು ಶನಿವಾರ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಹೆಬ್ಬಾಳದ ಕಡೆಯ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆರ್ಥೋಪೆಡಿಕ್ ಡಾಕ್ಟರು ವಯಸ್ಸಾದವರು. ಎರಡೂ ಕಾಲು ಮುಟ್ಟಿ ನೋಡಿದರು. ಆಮೇಲೆ, ಕಾಲಿಗೂ ಅದಕ್ಕೂ ಸಂಬಂಧವೇ ಇಲ್ಲದಂತೆ, ಕೈ ಚಾಚಲು ಹೇಳಿದರು. ಬೆರಳಿನ ಗೆಣ್ಣುಗಳನ್ನು ಒಂದೊಂದಾಗಿ ಸವರಿದರು.

"ನಿಮ್ಮ ತಂದೆ ಇದ್ದಾರಾ?"

"ಇಲ್ಲ ಸರ್. ಹಾರ್ಟ್ ಅಟ್ಯಾಕ್ ಆಗಿ ಹೋದ್ರು."

"ಎಷ್ಟು ವಯಸ್ಸಾಗಿತ್ತು?"

"ನಲವತ್ನಾಲ್ಕು."

ಅವರು ಪೆನ್ನು ಕೆಳಗಿಟ್ಟರು.

ಕಾಲು ತೋರಿಸಲು ಹೋದವಳನ್ನು ಹೃದಯದ ಡಾಕ್ಟರ ಹತ್ತಿರ ಕಳಿಸಿದರು.

ಆ ಕಾರಿಡಾರಿನಲ್ಲಿ ಕೂತಾಗ ನೆನಪಾದದ್ದು ಅಪ್ಪನ ಕೈ. ಅಪ್ಪ ಜಾಲಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರ್ ಆಗಿದ್ದರು. ಭಾನುವಾರ ಅವರು ಪೇಪರ್ ಹಿಡಿದು ಕೂತರೆ ನಾನೂ ಅಣ್ಣನೂ ಅವರ ಬೆರಳ ಗೆಣ್ಣಿನ ಮೇಲಿದ್ದ ಗಂಟುಗಳನ್ನು ಒತ್ತಿ ಆಟವಾಡುತ್ತಿದ್ದೆವು. "ಸ್ಪ್ಯಾನರ್ ಹಿಡ್ದೂ ಹಿಡ್ದೂ ಬಂದಿರೋದು ಕಣ್ರೋ" ಎನ್ನುತ್ತಿದ್ದರು. ನಾವು ನಂಬಿದ್ದೆವು. ಅವರೂ ನಂಬಿದ್ದರು.

ರಕ್ತದ ರಿಪೋರ್ಟ್ ಬಂತು. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್, ನೂರರ ಸುಮಾರು ಇರಬೇಕಾದದ್ದು, ಮುನ್ನೂರು ದಾಟಿತ್ತು. ನಾನು ತೆಳ್ಳಗಿದ್ದೇನೆ. ಓಡುತ್ತೇನೆ. ರಾಗಿಮುದ್ದೆ, ಸೊಪ್ಪಿನ ಸಾರು ತಿಂದು ಬೆಳೆದವಳು. ಲ್ಯಾಬಿನವರು ಬೇರೆ ಯಾರದೋ ರಕ್ತ ಕೊಟ್ಟಿದ್ದಾರೆ ಎಂದೇ ವಾದಿಸಿದೆ. ಕಾರ್ಡಿಯಾಲಜಿಸ್ಟ್ ಚಿಕ್ಕ ವಯಸ್ಸಿನ ಹೆಂಗಸು, ಸಮಾಧಾನದಿಂದ ಕೇಳಿಸಿಕೊಂಡರು.

"ಇದು ನೀವು ತಿಂದು ಬಂದಿದ್ದಲ್ಲ ಮೇಡಂ. ಹುಟ್ಟುತ್ತಲೇ ಬಂದಿದ್ದು. ರಕ್ತದಲ್ಲಿರೋ ಕೆಟ್ಟ ಕೊಲೆಸ್ಟ್ರಾಲನ್ನ ಲಿವರ್ ಹಿಡಿದು ತೆಗೀಬೇಕು. ನಿಮ್ಮ ಲಿವರ್‌ಗೆ ಹಿಡಿಯೋ ಕೈಗಳೇ ಕಮ್ಮಿ. ಅದಕ್ಕೇ ಉಳಿದದ್ದು ರಕ್ತನಾಳದಲ್ಲಿ ಕೂರುತ್ತೆ, ಹಿಮ್ಮಡಿಯಲ್ಲಿ, ಬೆರಳ ಗೆಣ್ಣಲ್ಲಿ ಕೂರುತ್ತೆ. ವಂಶದಲ್ಲಿ ಬರೋ ಕಾಯಿಲೆ ಇದು."

"ಓಡಿದ್ರೆ ಕರಗಲ್ವಾ?"

"ಓಡೋದು ಬಿಡ್ಬೇಡಿ. ಆದ್ರೆ ಅದೊಂದರಿಂದಾನೇ ಹೋಗಲ್ಲ. ಮಾತ್ರೆ ಬೇಕೇ ಬೇಕು. ಜೀವನಪೂರ್ತಿ."

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಿಮಗೇ ಕೊಲೆಸ್ಟ್ರಾಲ್ ಬಂದ್ರೆ ನಮ್ಮ ಗತಿ ಏನು ಮೇಡಂ ಎಂದರು. ಒಬ್ಬರು ಬೆಳ್ಳುಳ್ಳಿ ನುಂಗಿ ಎಂದರು, ಇನ್ನೊಬ್ಬರು ಆ ಮಾತ್ರೆ ಶುರು ಮಾಡಿದರೆ ಲಿವರೇ ಹೋಗುತ್ತೆ ಎಂಬ ವಿಡಿಯೊ ಕಳಿಸಿದರು. ನನಗೆ ನಗು ಬರಲಿಲ್ಲ. ಇಷ್ಟು ವರ್ಷ ನನ್ನ ಮೈಯನ್ನು ನಾನು ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದೆ. ಯಾವ ಸ್ನಾಯು ಎಷ್ಟು ಎಳೆಯುತ್ತದೆ, ಎಷ್ಟು ಓಡಿದರೆ ಉಸಿರು ಕಟ್ಟುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನು. ಅದೇ ಮೈ ಒಳಗೊಳಗೇ ಇನ್ನೇನನ್ನೋ ಕಟ್ಟುತ್ತಿತ್ತು, ನನಗೆ ಒಂದು ಮಾತೂ ಹೇಳದೆ.

ಮಾತ್ರೆ ಶುರುವಾದ ಮೇಲೆ ತೊಡೆಗಳು ನೋಯತೊಡಗಿದವು. ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. ವಿಡಿಯೊ ನೆನಪಾಗಿ ನಿಲ್ಲಿಸಿಬಿಡೋಣ ಎನಿಸಿತು. ಲೋಕೇಶ್ ಮತ್ತೆ ಡಾಕ್ಟರ ಮುಂದೆ ಕೂರಿಸಿದರು. ಅವರು ರಕ್ತ ಪರೀಕ್ಷೆ ಮಾಡಿಸಿ, ಸ್ಟಾಟಿನ್ ಎಂಬ ಆ ಮಾತ್ರೆಯ ಡೋಸ್ ಇಳಿಸಿ, ಜೊತೆಗೆ ಬೇರೊಂದು ಮಾತ್ರೆ ಸೇರಿಸಿದರು. ನೋವು ನಿಧಾನವಾಗಿ ಕಡಿಮೆಯಾಯಿತು. ಎಲ್‌ಡಿಎಲ್ ಕೂಡ. ಬೇಕರಿಯ ಪಫ್ ಬಿಟ್ಟೆ. ಭಾನುವಾರದ ಮಟನ್ ತಿಂಗಳಿಗೊಮ್ಮೆ ಎಂದಾಯಿತು. ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಡಾಕ್ಟರು ಮೊದಲ ದಿನವೇ ಇನ್ನೊಂದು ಮಾತು ಹೇಳಿದ್ದರು. ಒಡಹುಟ್ಟಿದವರಿಗೆ ಪರೀಕ್ಷೆ ಆಗಬೇಕು. ಮಕ್ಕಳಿಗೂ ಆಗಬೇಕು. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಮಗೆ ಇರುವವಳು ಒಬ್ಬಳೇ. ಇಂಚರ, ಆರನೇ ಕ್ಲಾಸು. ಸೂಜಿ ಚುಚ್ಚುವಾಗ ಗೋಡೆಯ ಕಡೆ ಮುಖ ಮಾಡಿ ನನ್ನ ಬೆರಳು ಹಿಡಿದುಕೊಂಡಳು.

ಅವಳಿಗೂ ಇತ್ತು.

"ಹನ್ನೊಂದು ವರ್ಷದ ಮಗೂಗೆ ಹಾರ್ಟ್ ಮಾತ್ರೆನಾ?" ಎಂದು ಲೋಕೇಶ್ ಕೇಳಿದರು. ಯಾರನ್ನು ಕೇಳಿದರೋ ಗೊತ್ತಿಲ್ಲ, ಕಾರಿನೊಳಗೆ ನಾವಿಬ್ಬರೇ ಇದ್ದೆವು. ಹೆಬ್ಬಾಳ ಫ್ಲೈಓವರ್ ಮೇಲೆ ಟ್ರಾಫಿಕ್ ನಿಂತಿತ್ತು. ಇಂಚರಳಿಗೆ ನನ್ನ ಹುಬ್ಬು ಬಂದಿದೆ, ನನ್ನ ನಡಿಗೆ ಬಂದಿದೆ ಎಂದು ಎಲ್ಲರೂ ಹೇಳುವಾಗ ಹಿಗ್ಗುತ್ತಿದ್ದವಳು ನಾನು. ಅದರ ಜೊತೆ ಇದನ್ನೂ ಕೊಟ್ಟಿದ್ದೆ. ಲೋಕೇಶ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಮಕ್ಕಳ ಡಾಕ್ಟರು ಅವಸರವಿಲ್ಲ ಎಂದರು. ಮೊದಲು ಊಟ ಸರಿಮಾಡಿ, ಮತ್ತೆ ಪರೀಕ್ಷೆ ಮಾಡೋಣ, ಆಮೇಲೆ ಸಣ್ಣ ಡೋಸ್ ನೋಡೋಣ. ಆದರೆ ಮರೆತುಬಿಡುವಂತಿಲ್ಲ ಎಂದೂ ಎಚ್ಚರಿಸಿದರು.

ಉಳಿದದ್ದು ಅಣ್ಣ.

ರಮೇಶಣ್ಣನದು ಅಬ್ಬಿಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಮೇಲೆ ಮನೆ. ಅಮ್ಮ ಅವನ ಜೊತೆಗಿದ್ದಾರೆ. ನಾನು ಹೋದಾಗ ಪಿವಿಸಿ ಪೈಪ್ ಅಳೆಯುತ್ತಿದ್ದ. ವಿಷಯ ಹೇಳುತ್ತಿದ್ದಂತೆ ಅವನ ಕೈ ನೋಡಿದೆ. ಗೆಣ್ಣುಗಳ ಮೇಲೆ ಅದೇ ಗಂಟುಗಳು. ನಾನು ನೋಡಿದ್ದನ್ನು ನೋಡಿ ಕೈಯನ್ನು ಜೇಬಿಗೆ ಹಾಕಿಕೊಂಡ.

"ನಿಂಗಿರ್ಬೋದು ವನಜಾ. ನಂಗೇನಿಲ್ಲ."

"ಒಂದ್ಸಲ ಬ್ಲಡ್ ಕೊಡಣ್ಣ. ಐದು ನಿಮಿಷದ ಕೆಲ್ಸ."

"ಬಿಡೇ ಅತ್ಲಾಗೆ. ಟೆಸ್ಟ್ ಮಾಡಿಸ್ದೋರೆಲ್ಲಾ ಪೇಷೆಂಟೇ."

ಅತ್ತಿಗೆ ಒಳಗಿನಿಂದ ಬಂದು ಹೇಳಿದರು, "ಸಿಮೆಂಟ್ ಮೂಟೆ ಎತ್ತಿದ್ರೆ ಎದೆ ಹಿಡ್ಕೊಂಡು ನಿಂತ್ಕೋತಾರೆ ವನಜಾ. ಗ್ಯಾಸ್ಟ್ರಿಕ್ ಅಂತಾರೆ, ಸೋಡಾ ಕುಡೀತಾರೆ."

ಅಣ್ಣ ಅವರ ಮೇಲೆ ಕೂಗಾಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, ಗಿರಾಕಿಗಳಿಗೆ ಕೇಳಿಸದಂತೆ ಹೇಳಿದ: "ಅಪ್ಪಂಗೆ ನಲವತ್ನಾಲ್ಕಾಗಿತ್ತು. ನಂಗೀಗ ನಲವತ್ಮೂರು. ಈ ಒಂದು ವರ್ಷ ನನ್ನ ಪಾಡಿಗೆ ನನ್ನ ಬಿಟ್ಬಿಡು ಕಣೇ."

ಅವನು ಲೆಕ್ಕ ಹಾಕಿಕೊಂಡೇ ಬದುಕುತ್ತಿದ್ದ.

ಮೇಲೆ ಹೋದೆ. ಅಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅಮ್ಮ ಮೆತ್ತಗೆ ಮಾತಾಡುವ ಹೆಂಗಸು. ಗಟ್ಟಿ ದನಿ ಎತ್ತಿದ್ದನ್ನು ನಾನು ದೊಡ್ಡವಳಾದ ಮೇಲೆ ಕೇಳಿಯೇ ಇಲ್ಲ. ಸ್ವಭಾವವೇ ಹಾಗೆ ಎಂದುಕೊಂಡಿದ್ದೆ. ಅಪ್ಪನ ಕಾಯಿಲೆ ನನ್ನಲ್ಲೂ ಇದೆ, ಇಂಚರಳಲ್ಲೂ ಇದೆ, ಅಣ್ಣನಲ್ಲೂ ಇರುವಂತೆ ಕಾಣುತ್ತದೆ ಎಂದೆ. ಅಮ್ಮನ ಕೈ ನಿಂತಿತು.

"ನಿಮ್ಮಪ್ಪಂಗೆ ಕಾಯಿಲೆ ಎಲ್ಲಿತ್ತು? ಅದು ನನ್ ಬಾಯಿಂದ ಆಗಿದ್ದು."

ನನಗೆ ಅರ್ಥವಾಗಲಿಲ್ಲ. ಅಮ್ಮ ಅವರೆಕಾಯಿಯ ಸಿಪ್ಪೆಯನ್ನು ನೋಡುತ್ತಲೇ ಹೇಳಿದರು. ಅಪ್ಪ ಹೋದ ದಿನ ಬೆಳಿಗ್ಗೆ ಇಬ್ಬರಿಗೂ ಜಗಳವಾಗಿತ್ತು. ಹಿಂದಿನ ದಿನ ಚಿಕ್ಕಮ್ಮನ ಮಗನ ನಾಮಕರಣ. ಬರುತ್ತೇನೆ ಎಂದಿದ್ದ ಅಪ್ಪ ಸ್ನೇಹಿತರ ಜೊತೆ ವಾಲಿಬಾಲ್ ಆಡುತ್ತಾ ಉಳಿದುಬಿಟ್ಟಿದ್ದರು. ತವರಿನವರ ಮುಂದೆ ಅವಮಾನವಾಯಿತೆಂದು ಅಮ್ಮ ಕೂಗಾಡಿದರು. ಅಪ್ಪ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

"ಓಗಿ, ವಾಪಸ್ ಬರ್ದಿದ್ರೂ ಚಿಂತಿಲ್ಲ ಅಂದ್ಬುಟ್ಟೆ ಕಣವ್ವ."

ಅಪ್ಪ ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಾ ಸ್ಟಾಪಿನಲ್ಲೇ ಕುಸಿದರು.

ಅಜ್ಜಿ, ಅಂದರೆ ಅಪ್ಪನ ತಾಯಿ, ಒಳಗಿನ ಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಸಾವಿಗೆ ಬಂದವರಿಗೆಲ್ಲ ಅದನ್ನೇ ಹೇಳಿದರು. ನಾನಾಗ ಏಳನೇ ಕ್ಲಾಸು. ನನಗೆ ಅದು ಕೇಳಿಸಿಯೇ ಇರಲಿಲ್ಲ. ಅಮ್ಮನಿಗೆ ಮಾತ್ರ ಅಂದಿನಿಂದ ಇಂದಿನವರೆಗೂ ಕೇಳಿಸುತ್ತಲೇ ಇತ್ತು.

ನಾನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಲಿವರು, ರಕ್ತನಾಳ, ವಂಶ. ಅಮ್ಮನ ಕೈಯನ್ನು ನನ್ನ ಹಿಮ್ಮಡಿಯ ಮೇಲೆ ಇಡಿಸಿದೆ. ಅವರು ಗಂಟನ್ನು ಒತ್ತಿ ನೋಡಿದರು, ಬಹಳ ಹೊತ್ತು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಎದ್ದರು. ಕೆಳಗೆ ಇಳಿದರು. ನಾನು ಹಿಂದೆ ಓಡಿದೆ.

ಅಂಗಡಿಯಲ್ಲಿ ಮೂರು ನಾಲ್ಕು ಜನ ಗಿರಾಕಿಗಳಿದ್ದರು. ಅಮ್ಮ ಅವರನ್ನು ನೋಡಲೂ ಇಲ್ಲ.

"ಏಯ್ ರಮೇಶ! ಕೈ ತೋರ್ಸೋ!"

ಆ ದನಿ ನನಗೆ ಗುರುತೇ ಸಿಗಲಿಲ್ಲ. ಅಣ್ಣ ಅಳತೆ ಟೇಪು ಹಿಡಿದು ಹಾಗೇ ನಿಂತ.

"ನಿಮ್ಮಪ್ಪನ್ನ ಕಳಿಸ್ದಂಗೆ ನಿನ್ನೂ ಕಳಿಸ್ಲಾ? ಈವತ್ತೇ ಓಗ್ಬೇಕು. ಈಗ್ಲೇ. ಅಂಗಡಿ ಮುಚ್ಚು. ಮುಚ್ಚಲಿಲ್ಲಾ ಅಂದ್ರೆ ನಾನಿಲ್ಲೇ ಬಾಗಿಲಲ್ಲಿ ಕೂತ್ಕೊತೀನಿ!"

ಕೂಗಿ ಮುಗಿಸಿದ ಮೇಲೂ ಅಮ್ಮ ಅಲ್ಲಿಂದ ಕದಲಲಿಲ್ಲ. ಅಣ್ಣನ ಎದೆಯ ಮೇಲೆಯೇ ಅವರ ಕಣ್ಣಿತ್ತು, ಈಗಲೇ ಏನೋ ಆಗಿಬಿಡುತ್ತದೆ ಎಂಬಂತೆ. ಅಣ್ಣನಿಗೆ ಕಾರಣ ಗೊತ್ತಿರಲಿಲ್ಲ. ಆದರೂ ಏನೋ ಹೊಳೆದಿರಬೇಕು. ಶಟರ್ ಎಳೆದ.

ಟ್ರೆಡ್‌ಮಿಲ್ ಟೆಸ್ಟಿನಲ್ಲಿ ಅಣ್ಣ ಎದೆ ಹಿಡಿದುಕೊಂಡ, ಅರ್ಧಕ್ಕೇ ನಿಲ್ಲಿಸಿದರು. ಮರುದಿನ ಆಂಜಿಯೋಗ್ರಾಂ. ಹೃದಯದ ಮುಖ್ಯ ರಕ್ತನಾಳವೊಂದರಲ್ಲಿ ದೊಡ್ಡ ಬ್ಲಾಕ್ ಇತ್ತು. ಸ್ಟೆಂಟ್ ಹಾಕಿದರು. ಒಳಗೆ ಹೋಗುವ ಮುಂಚೆ ಅಣ್ಣ ವಾಚನ್ನು ಬಿಚ್ಚಿ ಅತ್ತಿಗೆಗೆ ಕೊಟ್ಟ, ನನ್ನನ್ನು ನೋಡಿ ಏನೋ ತಮಾಷೆ ಮಾಡಲು ಹೋದ, ಆಗಲಿಲ್ಲ. ಆ ಹೊತ್ತು ಹೇಗೆ ಕಳೆಯಿತೆಂದು ಬರೆಯಲು ನನಗೆ ಬರುವುದಿಲ್ಲ. ಅತ್ತಿಗೆ ಗೋಡೆಗೆ ತಲೆ ಆನಿಸಿ ಕೂತಿದ್ದರು. ಅಮ್ಮ ಕೂರಲೇ ಇಲ್ಲ.

ನನ್ನನ್ನು ನೋಡುತ್ತಿದ್ದ ಹೃದಯದ ಡಾಕ್ಟರೇ ಹೊರಗೆ ಬಂದು ಎಲ್ಲ ಸರಿಯಾಯಿತು ಎಂದರು. ನಾವು ಕೈ ಮುಗಿದೆವು. ಅವರು ಹೊರಡುವಾಗ ಅಮ್ಮ ಅಡ್ಡ ಬಂದರು.

"ಜಗಳ ಆಡಿದ್ರೆ ಇಂಗಾಯ್ತದಾ ಡಾಕ್ಟ್ರಮ್ಮ?"

ಅವರು ನನ್ನ ಕಡೆ ನೋಡಿದರು. ನಾನು ಎರಡೇ ಮಾತಿನಲ್ಲಿ ಅಪ್ಪನ ಕಥೆ ಹೇಳಿದೆ. ಅವರು ಅಮ್ಮನ ಪಕ್ಕ ಬಂದು ನಿಂತರು.

"ಈ ಬ್ಲಾಕ್ ಒಂದಿನದ್ದಲ್ಲಮ್ಮ. ವರ್ಷಗಟ್ಟಲೆ ಕಟ್ಕೊಂಡು ಬಂದಿರೋದು. ನಿಮ್ಮ ಯಜಮಾನ್ರಿಗೂ ಹೀಗೇ ಆಗಿರ್ಬೇಕು. ಸಿಟ್ಟು, ಟೆನ್ಷನ್ ಒಳ್ಳೇದು ಅಂತ ನಾನು ಹೇಳಲ್ಲ. ಆದ್ರೆ ಒಂದು ಮಾತಿಂದ ರಕ್ತನಾಳ ಹೀಗೆ ಕಟ್ಕೊಳಲ್ಲ. ಅವರ ಮೈಯಲ್ಲಿ ಅದು ಮದುವೆಗೆ ಮುಂಚೇನೇ ಶುರುವಾಗಿತ್ತು."

ಅಮ್ಮ ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಕುರ್ಚಿಯ ಮೇಲೆ ಕೂತರು. "ನಮ್ಮತ್ತೆ ಇರ್ಬೇಕಿತ್ತು ಇದನ್ನ ಕೇಳಕ್ಕೆ" ಎಂದರು. ಮುಖದಲ್ಲಿ ಸಮಾಧಾನವಿರಲಿಲ್ಲ, ಸಿಟ್ಟಿತ್ತು. ಅದೂ ನ್ಯಾಯವೇ. ಸ್ವಲ್ಪ ಹೊತ್ತಾದ ಮೇಲೆ ತಮಗೆ ತಾವೇ ಎಂಬಂತೆ ಹೇಳಿದರು: "ಪಾಪ, ಅವರ ಯಜಮಾನ್ರೂ ವಯಸ್ನಲ್ಲೇ ತೀರ್ಕೊಂಡೋರು. ಹೊಲದಾಗೆ ಬಿದ್ದಿದ್ರಂತೆ. ಆಗ ನಮ್ಮತ್ತೆಗೆ ಯಾರ್ ಏನಂದಿದ್ರೋ."

ಇದೆಲ್ಲ ಆಗಿ ಬಹಳ ದಿನಗಳೇನೂ ಆಗಿಲ್ಲ. ಅಣ್ಣ ಅಂಗಡಿಗೆ ಹೋಗುತ್ತಿದ್ದಾನೆ, ಮೂಟೆ ಎತ್ತುವುದಿಲ್ಲ. ಸಿಗರೇಟು ಬಿಟ್ಟಿದ್ದೇನೆ ಎನ್ನುತ್ತಾನೆ. ಅತ್ತಿಗೆ ಪೂರ್ತಿ ನಂಬಿಲ್ಲ. ನನ್ನ ಎಲ್‌ಡಿಎಲ್ ಡಾಕ್ಟರು ಬೇಕೆಂದ ಮಟ್ಟಕ್ಕೆ ಇನ್ನೂ ಇಳಿದಿಲ್ಲ. ರಿಪೋರ್ಟ್ ಬರುವ ದಿನ ಬೆಳಿಗ್ಗೆಯಿಂದಲೇ ಫೋನ್ ತೆಗೆದು ತೆಗೆದು ನೋಡುತ್ತೇನೆ. ಅಮ್ಮ ಡಾಕ್ಟರ ಮಾತನ್ನು ಫೋನಿನಲ್ಲಿ ನನ್ನಿಂದ ಆಗಾಗ ಮತ್ತೆ ಹೇಳಿಸುತ್ತಾರೆ. ಮದುವೆಗೆ ಮುಂಚೇನೇ ಅಂದ್ರಲ್ವಾ, ಎನ್ನುತ್ತಾರೆ. ಹೌದಮ್ಮ ಎನ್ನುತ್ತೇನೆ. "ನಂಬಕ್ಕೆ ಇನ್ನೂ ದಿನ ಬೇಕು ಕಣೇ" ಎನ್ನುತ್ತಾರೆ ಅಮ್ಮ.

ಕಳೆದ ವಾರ ಇಂಚರಳ ಮಾತ್ರೆ ಶುರುವಾಯಿತು. ಎರಡನೇ ಪರೀಕ್ಷೆಯಲ್ಲೂ ಕೊಲೆಸ್ಟ್ರಾಲ್ ಇಳಿದಿರಲಿಲ್ಲ. ಲೋಕೇಶ್ ತಾವೇ ಹೋಗಿ ಮಾತ್ರೆ ತಂದರು, ಚೀಟಿಯನ್ನು ಎರಡು ಸಲ ಓದಿ ಒಂದು ಮಾತ್ರೆಯನ್ನು ಅವಳ ಕೈಗೆ ಹಾಕಿದರು. ಅವಳು ನೀರಿನ ಲೋಟ ಹಿಡಿದು ನನ್ನನ್ನು ಕೇಳಿದಳು.

"ಎಷ್ಟು ದಿನ ತಗೋಬೇಕಮ್ಮ?"

"ನಾನು ತಗೊಳೋ ಥರ. ಯಾವಾಗಲೂ."

"ತಾತ ತಗೊಂಡಿದ್ರೆ ಇರ್ತಿದ್ರಾ?"

ಲೋಕೇಶ್ ನನ್ನ ಮುಖ ನೋಡಿದರು. "ಗೊತ್ತಿಲ್ಲ ಮಗಳೇ" ಎಂದೆ. "ಇರಬಹುದಿತ್ತು."

ಅವಳು ಮಾತ್ರೆ ನುಂಗಿ, ಲೋಟ ಸಿಂಕಿನಲ್ಲಿಟ್ಟು, ಬಾಚಣಿಗೆ ತಂದು ನನಗೆ ಬೆನ್ನು ಕೊಟ್ಟು ಕೂತಳು.

"ಬೇಗ ಜಡೆ ಹಾಕಮ್ಮ, ವ್ಯಾನ್ ಬರುತ್ತೆ."