ಮುಂದೆ ನಡೆಯುತ್ತಿದ್ದ ರೇವಿನ್

ರೇವಿನ್ ಕುರಿಗಳ ಉಣ್ಣೆ ಕತ್ತರಿಸುವ ಕೊಟ್ಟಿಗೆಯಲ್ಲಿ ಉಣ್ಣೆಯನ್ನು ದರ್ಜೆವಾರು ಬೇರ್ಪಡಿಸುತ್ತಿದ್ದಳು. ನಾನು ಅಲ್ಲೇ ಅಡುಗೆಯವಳು. ಅವಳು ಒಂದು ಎಳೆಯನ್ನು ಬೆರಳಲ್ಲಿ ಹೊಸೆದು ನೋಡಿ, ಕುರಿ ಯಾವ ಗುಡ್ಡದಲ್ಲಿ ಮೇಯ್ದದ್ದೆಂದು ಹೇಳಿಬಿಡುತ್ತಿದ್ದಳು. ಅಂಥವಳಿಗೆ ಗುಡ್ಡದ ದಾರಿ ತಿಳಿಯದೆ ಇರುತ್ತದೆಯೇ ಎಂದುಕೊಂಡಿದ್ದೆ.

ಪ್ರತಿ ಮಾರ್ಚ್‌ನಲ್ಲಿ, ಕೊಟ್ಟಿಗೆಯ ಕೆಲಸ ಮುಗಿದ ಮೇಲೆ, ಇಬ್ಬರೂ ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟಕ್ಕೆ ಹೋಗುತ್ತಿದ್ದೆವು. ನಿಧಾನದವರು ಮುಂದೆ, ಚುರುಕಿನವರು ಹಿಂದೆ. ನ್ಯೂಜಿಲೆಂಡಿನಲ್ಲಿ ಬೆಟ್ಟಗಳಲ್ಲಿ ನಡೆಯುವವರ ರೂಢಿ ಅದು. ಅವಳ ಎಡ ಮೊಣಕಾಲು ಹಟಮಾರಿ. ಹಾಗಾಗಿ ಇಪ್ಪತ್ತೆರಡು ವರ್ಷ ಅವಳು ಮುಂದೆ. ಅವಳ ಚೀಲಕ್ಕೆ ನೇತುಹಾಕಿದ ತಗಡಿನ ಲೋಟ ನೋಡುತ್ತ ನಾನು ಹಿಂದೆ.

ಇಪ್ಪತ್ತೆರಡನೆಯ ವರ್ಷ, ನಡಿಗೆಯ ಎರಡನೆಯ ದಿನ ಮಧ್ಯಾಹ್ನ ಕಾಡಿನೊಳಕ್ಕೆ ಮೋಡ ಇಳಿಯಿತು. ಹನಿಯೂ ಶುರುವಾಯಿತು. ಆ ರಾತ್ರಿ ಸೇರಬೇಕಿದ್ದ ತಂಗುಮನೆ ಇರುವುದು ಹೊಳೆಯಾಚೆ. ಹೊಳೆ ಏರಿದರೆ ರಾತ್ರಿಯೆಲ್ಲ ಈಚೆ ದಡದಲ್ಲಿ ನೆನೆಯಬೇಕು. ಡೇರೆ ತಂದಿರಲಿಲ್ಲ. ದಾರಿ ತೋರಲು ಮರಗಳಿಗೆ ಹೊಡೆದಿರುವ ಕಿತ್ತಳೆ ಬಣ್ಣದ ತ್ರಿಕೋನ ಫಲಕ ಅರ್ಧ ಗಂಟೆಯಿಂದ ಒಂದೂ ಕಂಡಿರಲಿಲ್ಲ. ರೇವಿನ್‌ಗೆ ಗೊತ್ತಿರುತ್ತದೆ ಎಂದು ಸುಮ್ಮನಿದ್ದೆ. ಅಷ್ಟರಲ್ಲಿ ಅವಳು ನಿಂತಳು.

"ಯಾಕೇ ನಿಂತೆ?"

"ನೀನೇನಾದ್ರೂ ಹೇಳ್ತೀಯೇನೋ ಅಂತ."

"ನಾನೇನು ಹೇಳ್ಲಿ? ದಾರಿ ಗೊತ್ತಿರೋದು ನಿಂಗಲ್ವಾ?"

ರೇವಿನ್ ತಿರುಗಿದಳು. "ನಂಗಾ? ಕುಂಟಿ ಅಂತ ಮುಂದೆ ಬಿಟ್ಟಿದ್ದೀಯ. ತಪ್ಪಿದ್ರೆ ಹಿಂದಿನಿಂದ ಕೂಗ್ತೀಯಲ್ಲ ಅಂತ ನಾನು ನಡೀತಿದ್ದೀನಿ."

"ನಾನು ನಿನ್ನ ಲೋಟ ನೋಡ್ಕೊಂಡು ಬರ್ತಿದ್ದೀನಿ ಮಾರಾಯ್ತಿ!"

"ಇಪ್ಪತ್ತೆರಡು ವರ್ಷದಿಂದಾನೂ?"

"ಮತ್ತಿನ್ನೇನು?"

"ಹಾಗಾದ್ರೆ ಇಷ್ಟು ವರ್ಷ ನಾವು ಊರು ಸೇರಿದ್ದು ಹೇಗೇ?"

ನಕ್ಷೆ ನನ್ನ ಚೀಲದಲ್ಲಿತ್ತು, ಚೀಸಿಗೆ ಸುತ್ತಿಕೊಂಡು. ಬಿಡಿಸಿದರೆ ಯಾವ ಗೆರೆ ಗುಡ್ಡ, ಯಾವ ಗೆರೆ ಹೊಳೆ ಎಂದು ತಿಳಿಯದಂತೆ ಎಲ್ಲೆಲ್ಲೂ ಜಿಡ್ಡು. ನಾವು ಎಲ್ಲಿದ್ದೇವೆಂದೇ ಗೊತ್ತಿಲ್ಲದವರಿಗೆ ಅದು ಏನು ತೋರಿಸೀತು? ಕೆಸರಿನಲ್ಲಿ ನಮ್ಮದೇ ಬೂಟಿನ ಗುರುತು ಹುಡುಕುತ್ತ ಹಿಂದಕ್ಕೆ ನಡೆದು ಕೊನೆಯ ತ್ರಿಕೋನದ ಮರ ಮುಟ್ಟಿದೆವು. ಅಲ್ಲಿ ಒಬ್ಬರು ನಿಲ್ಲಬೇಕು, ಇನ್ನೊಬ್ಬರು ಕೂಗಿನಳತೆಯಲ್ಲೇ ಮುಂದಿನ ತ್ರಿಕೋನ ಹುಡುಕಬೇಕು.

"ನೀನು ಹೋಗು," ಎಂದಳು.

"ನಾನಾ? ನಾನು ಯಾವತ್ತಾದ್ರೂ ಮುಂದೆ ಹೋಗಿದ್ದೀನಾ?"

"ನಾನು ಮುಂದೆ ಹೋಗಿ ಏನಾಯ್ತು ಅಂತ ನೋಡಿದ್ಯಲ್ಲ. ನಡಿ."

ಅವಳು ಚಮಚದಿಂದ ಲೋಟ ಬಡಿಯುತ್ತ ನಿಂತಳು. ಎಡಕ್ಕೆ ಹೋದೆ, ಬರೀ ಪಾಚಿ. ಬಲಕ್ಕೆ ಹೋದೆ, ಅದೇ ಪಾಚಿ. ಕಣ್ಣೆದುರು ಲೋಟವಿಲ್ಲದೆ ಕಾಲು ಎಲ್ಲಿಡಬೇಕೆಂದೇ ತೋಚುತ್ತಿರಲಿಲ್ಲ. ಸದ್ದು ಹಿಡಿದು ವಾಪಸಾಗಿ ಮೂರನೆಯ ಸಲ ನೇರ ಇಳಿದೆ. ಉರುಳಿದ ಮರವೊಂದರ ಹಿಂದೆ ಕಿತ್ತಳೆ ಬಣ್ಣ!

ಹೊಳೆ ಆಗಲೇ ತೊಡೆಮಟ್ಟ ಬಂದಿತ್ತು. ತೋಳಿಗೆ ತೋಳು ಹೆಣೆದು ದಾಟಿದೆವು. ಅಲ್ಲಿ ಮಾತ್ರ ಮುಂದೆ ಹಿಂದೆ ಇರಲಿಲ್ಲ.

ಮರುದಿನ ತಂಗುಮನೆಯ ಬಾಗಿಲಲ್ಲಿ, ಯಾರು ಮುಂದೆ ಎಂದು ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕೊನೆಗೆ ಮೊಣಕಾಲಿನ ಮಾತೇ ನಡೆಯಿತು, ಅವಳೇ ಮುಂದಾದಳು. ಹತ್ತು ಹೆಜ್ಜೆಗೊಮ್ಮೆ ನಿಂತು, "ಸರೀನಾ?" ಎನ್ನುತ್ತಿದ್ದಳು.

"ಇರೇ, ನೋಡ್ತೀನಿ," ಎನ್ನುತ್ತಿದ್ದೆ.