ಮನೆತನದಲ್ಲಿ ಯಾರಿಗೂ ಇಲ್ಲ

ಪುಣೆಯ ಒಂದು ಪ್ರಯೋಗಾಲಯದಲ್ಲಿ ನನ್ನ ಕೆಲಸವೆಲ್ಲ ಇಲಿಗಳ ಜೊತೆ. ಎಳೆಯ ಹೆಣ್ಣಿಲಿಯ ಸ್ತನಗ್ರಂಥಿ ಬೆಳೆಯುವ ಮೊದಲೇ ಅದನ್ನು ತೆಗೆದು, ಉಳಿದ ಕೊಬ್ಬಿನೊಳಗೆ ಇನ್ನೊಂದು ಇಲಿಯ ಸ್ತನದ ಅಂಗಾಂಶವನ್ನು ಜೋಳದ ನುಚ್ಚಿನಷ್ಟು ಕಸಿ ಮಾಡುತ್ತೇವೆ. ಆ ಇನ್ನೊಂದು ಇಲಿಯಲ್ಲಿ ಕ್ಯಾನ್ಸರ್ ತರುವ ಜೀನಿನ ದೋಷವಿರುತ್ತದೆ. ನಿರೋಗಿ ಮೈಯೊಳಗೆ ಹೋದ ಮೇಲೂ ಆ ಚೂರು ಗಡ್ಡೆಯಾದರೆ, ದೋಷ ಸುತ್ತಲಿನ ಮೈಯದಲ್ಲ, ಆ ಚೂರಿನದೇ ಎಂದು ತಿಳಿಯುತ್ತದೆ.

ರಜೆಗೆ ಅಕ್ಕಲಕೋಟೆಗೆ ಹೋದಾಗ ಇದನ್ನೆಲ್ಲ ಅತ್ತಿಯ ಮುಂದೆ ಹೇಳುತ್ತಿದ್ದೆ. ಅತ್ತಿ ಅಂದರೆ ಅಪ್ಪನ ಅಕ್ಕ. ನನ್ನನ್ನು ಹೆತ್ತ ಬಾಣಂತನದಲ್ಲೇ ಅವ್ವ ತೀರಿಕೊಂಡಾಗ, ನಮ್ಮೂರು ವಳಸಂಗದಿಂದ ನನ್ನ ಅಕ್ಕನನ್ನೂ ನನ್ನನ್ನೂ ಒಯ್ದು ಸಾಕಿದವಳು. ಒಮ್ಮೆ ಶೇಂಗಾ ಸುಲಿಯುತ್ತ, "ಹಂಗಾದ್ರ ಮೈ ಬದಲಾದ್ರೂ ಆ ಗುಣ ಬಿಡಂಗಿಲ್ಲನು?" ಅಂದಳು.

"ಬಿಡಂಗಿಲ್ಲ ಅತ್ತಿ. ಮನುಷ್ಯಾರಿಗೂ ತಾಯಿ ಕಡಿಂದ ಬರ್ತದ, ತಂದಿ ಕಡಿಂದನೂ ಬರ್ತದ."

ಆಕೆ ಉಡಿಯ ಸಿಪ್ಪೆ ಝಾಡಿಸಿ ಒಳಗೆ ಹೋದಳು. ಚಹಾ ಇಡಲು ಎಂದುಕೊಂಡೆ.

ಮರುವರ್ಷ ಅಕ್ಕನ ಎದೆಯಲ್ಲಿ ಗಂಟು ಸಿಕ್ಕಿತು. ಆಕೆಯನ್ನು ಕೊಟ್ಟದ್ದು ಸೊಲ್ಲಾಪುರದ ವಿಜಾಪುರ ರಸ್ತೆಯ ಬಟ್ಟೆ ವ್ಯಾಪಾರಿಗಳ ಮನೆಗೆ. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರು ಕೇಳಿದಾಗ, "ಯಾರಿಗೂ ಇಲ್ಲ" ಎಂದು ಖಾತ್ರಿಯಿಂದ ಹೇಳಿದವಳು ನಾನೇ.

ಆಪರೇಶನ್ ಆದ ಮೇಲೆ ಅಕ್ಕನನ್ನು ನೋಡಿಕೊಳ್ಳಲು ಅತ್ತಿ ಬಂದಳು. ರೌಂಡಿಗೆ ಬಂದ ಹಿರಿಯ ಡಾಕ್ಟರು ಆಕೆಯ ಗುರುತು ಹಿಡಿದು ನಕ್ಕರು. "ಕಾಯ್ ಮಾವಶಿ, ತಪಾಸಣೀಲಾ ಯೇತ್ ನಾಹೀ ಆತಾ?" ಈಗ ತಪಾಸಣೆಗೆ ಬರುವುದೇ ಇಲ್ಲವಲ್ಲ ಎಂದು.

ಅತ್ತಿ ಸೆರಗು ಎಳೆದುಕೊಂಡಳು. ಹಾಸಿಗೆಯಿಂದಲೇ ಅಕ್ಕ ಕೇಳಿದಳು: "ಯಾವ ತಪಾಸಣಿ, ಅತ್ತಿ?"

ಆಗ ಎಲ್ಲ ಹೊರಬಿತ್ತು. ನಾವು ಸಾಲಿಗೆ ಹೋಗುತ್ತಿದ್ದಾಗ, ಪಂಢರಪುರಕ್ಕೆಂದು ಹೇಳಿ ಹೋಗಿ ಆಕೆ ಇದೇ ಡಾಕ್ಟರ ಕೈಯಲ್ಲಿ ಒಂದು ಸ್ತನ ತೆಗೆಸಿಕೊಂಡಿದ್ದಳು. ಅಪ್ಪನ ಅವ್ವನೂ ಇದರಿಂದಲೇ ಹೋದದ್ದು. ನಮಗೆ ಮಾತ್ರ ಕಾಮಾಲೆ ಎಂದಿದ್ದರು. ಅಪ್ಪನಿಗೆ ಎಲ್ಲ ಗೊತ್ತಿತ್ತು.

"ಎರಡು ಹೆಣ್ಮಕ್ಕಳ ಲಗ್ನ ಆಗಬೇಕಿತ್ತವ್ವಾ. ಗೊತ್ತಾಗಿದ್ರ ನಿಮ್ಮನ್ನ ಯಾರ್ ಮಾಡ್ಕೋತಿದ್ರು?"

"ಅಕ್ಕನ ಲಗ್ನ ಆಗಿ ಎಷ್ಟು ವರ್ಷಾತು? ನಾ ನಿನ್ನ ಮುಂದ ಕುಂತು ಇಲಿಗೋಳ ಕತಿ ಹೇಳೀನಿ. ಆವಾಗರ ಹೇಳಬೇಕಿಲ್ಲ?"

"ನಾಲಗಿ ಮ್ಯಾಲ ಬಂದಿತ್ತು. ನಿಮ್ಮಪ್ಪ ಆಣಿ ಹಾಕಿದ್ದ."

ಅಪ್ಪನಿಗೆ ಫೋನ್ ಮಾಡಿದೆ. "ಆಗಿದ್ದು ಆತು, ಈಗ ಯಾಕ ಕೆದಕತಿ?" ಎಂದ. ದನಿಯಲ್ಲಿ ಅಳುಕೂ ಇರಲಿಲ್ಲ.

ಅಕ್ಕನದರ ಜೊತೆಗೆ ನನ್ನ ಜೀನಿನ ಪರೀಕ್ಷೆಯನ್ನೂ ಮಾಡಿಸಿದೆ. ಅಕ್ಕನಲ್ಲಿರುವ ದೋಷವೇ ನನ್ನಲ್ಲೂ ಇದೆ. ಇಷ್ಟು ವರ್ಷ ಇಲಿಗಳ ಕುಲವನ್ನೆಲ್ಲ ತಲೆಮಾರು ಹಿಡಿದು ಹೇಳುತ್ತಿದ್ದವಳಿಗೆ ತನ್ನ ಅಜ್ಜಿಯ ಸಾವು ಗೊತ್ತಿರಲಿಲ್ಲ. ರೋಗದ ಭಯಕ್ಕಿಂತ ಅದೇ ಹೆಚ್ಚು ಸುಟ್ಟಿತು. ಪರರು ಮುಚ್ಚಿಟ್ಟಿದ್ದರೆ ಸಹಿಸಬಹುದಿತ್ತು. ಅತ್ತಿ ನನಗೆ ಜಡೆ ಹಾಕಿದವಳು, ಜ್ವರ ಬಂದಾಗ ತೊಡೆಯ ಮೇಲೆ ಮಲಗಿಸಿಕೊಂಡವಳು.

ಅಕ್ಕ ಚೇತರಿಸಿಕೊಂಡಿದ್ದಾಳೆ. ಅತ್ತಿಯನ್ನು ಕ್ಷಮಿಸಿದ್ದಾಳೆ ಕೂಡ, ದೀಪಾವಳಿಗೆ ಸೀರೆ ಉಡಿಸಿದಳಂತೆ. ನನಗೆ ಇನ್ನೂ ಆಗಿಲ್ಲ. ಕಾಲೇಜಿಗೆ ಹೋಗುವ ಅಕ್ಕನ ಮಗಳನ್ನು ಎದುರಿಗೆ ಕೂಡಿಸಿಕೊಂಡು ಒಂದೂ ಬಿಡದೆ ಹೇಳಿದೆ. ಹುಡುಗಿ ಬಹಳ ಹೊತ್ತು ಅತ್ತಳು. ನಾನು ಪಕ್ಕದಲ್ಲೇ ಕೂತಿದ್ದೆ.